ಪುಟ್ಟಿಯ ಪಾತ್ರ ಬದಲಿಸುವುದು ಬೇಡ

ಸುಧಾ, ನಿನ್ನ ಮೆಸೇಜನ್ನು ಬೆಳಿಗ್ಗೆಯೇ ನೋಡಿದೆ. ಪುಟ್ಟಿಯ ಶಾಲೆಯಲ್ಲಿ ಮಕ್ಕಳು ಚರಿತ್ರೆಯ ಒಬ್ಬೊಬ್ಬರ ವೇಷ ಹಾಕಿ ಮಾತನಾಡಬೇಕು, ಇವಳ ಪಾಲಿಗೆ ಲೇಡಿ ಎಲೆನ್‌ಬರೋ ಬಂದಿದ್ದಾಳೆ, ಹುಡುಕಿದರೆ ನಾಲ್ಕು ಮದುವೆ, ರಾಜರ ಸಹವಾಸ ಎಂದೆಲ್ಲ ಇದೆ, ಟೀಚರಿಗೆ ಹೇಳಿ ಪಾತ್ರ ಬದಲಿಸಲೇ ದೊಡ್ಡಮ್ಮಾ ಎಂದು ಕೇಳಿದ್ದೀಯ. ಟೈಪು ಮಾಡುವ ತಾಳ್ಮೆ ನನಗಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಎಲ್ಲರೂ ಕೇಳಿಸಿಕೊಳ್ಳಿ.

ಅವಳು ಯಾರೆಂದು ನಿಮಗೆಲ್ಲ ಗೊತ್ತೇ ಇದೆ. ಜೇನ್ ಡಿಗ್ಬಿ, ಇಂಗ್ಲೆಂಡಿನ ನೌಕಾಪಡೆಯ ಅಡ್ಮಿರಲ್ ಮಗಳು. 1824ರಲ್ಲಿ, ಹದಿನೇಳನೆಯ ವಯಸ್ಸಿಗೆ, ಮೂವತ್ತನಾಲ್ಕರ ವಿಧುರ ಲಾರ್ಡ್ ಎಲೆನ್‌ಬರೋಗೆ ಕೊಟ್ಟರು. ರೀಜೆನ್ಸಿ, ಅಂದರೆ ಬುದ್ಧಿ ಕೆಟ್ಟ ರಾಜನ ಪರವಾಗಿ ಅವನ ಮಗ ಆಳಿದ ಕಾಲ, 1820ಕ್ಕೇ ಮುಗಿದಿತ್ತು, ಆದರೆ ಆ ಮೋಜಿನ ಮಂದಿ, ಆ ನಾಲಿಗೆಗಳು ಹಾಗೇ ಇದ್ದವು. ಆಸ್ಟ್ರಿಯಾದ ರಾಯಭಾರ ಕಚೇರಿಯ ರಾಜಕುಮಾರ ಶ್ವಾರ್ಟ್ಸೆನ್‌ಬರ್ಗ್ ಜೊತೆ ಅವಳ ಹೆಸರು ಕೇಳಿಬಂತು. ಆಗ ವಿಚ್ಛೇದನಕ್ಕೆ ಪಾರ್ಲಿಮೆಂಟೇ ಒಪ್ಪಬೇಕಿತ್ತು. 1830ರಲ್ಲಿ ಅದರ ಮಸೂದೆ ಅಲ್ಲಿಗೆ ಬಂದಾಗ ಸಾಕ್ಷಿ ಯಾರು ಗೊತ್ತೇ? ಬ್ರೈಟನ್ನಿನ ಹೋಟೆಲಿನ ಆಳು. ಜೊತೆಗೆ ಲಂಡನ್ನಿನ ಹಾರ್ಲಿ ಸ್ಟ್ರೀಟಿನಲ್ಲಿ ಎದುರು ಕಿಟಕಿಯಿಂದ ಕಂಡ ನೋಟ: ರಾಜಕುಮಾರ ಅವಳ ಒಳಕುಪ್ಪಸದ ದಾರ ಬಿಗಿಯುತ್ತಿದ್ದನಂತೆ! ಮೇಲ್ಮನೆಯ ಪ್ರಭುಗಳು ಕುಳಿತು ಅದನ್ನೆಲ್ಲ ಕೇಳಿದರು. ಅವಳು ಆಗಲೇ ದೇಶ ಬಿಟ್ಟಾಗಿತ್ತು.

ಕಿಟಕಿ ಎಂದಾಗ ನನಗೆ ನಮ್ಮ ಹಾಸನದ ಚಿಕ್ಕಮ್ಮನ ಎರಡನೆಯವಳು ನೆನಪಾಗುತ್ತಾಳೆ. ನಿಶ್ಚಿತಾರ್ಥದ ದಿನ ನಾನೂ ಇದ್ದೆ. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ರೇಷ್ಮೆಯ ಕಣ ಎಲ್ಲ ಜೋಡಿಸಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಚಪ್ಪಲಿ ಬಿಡದೆ ಜಗಲಿಯಲ್ಲೇ ನಿಂತು, ಹುಡುಗಿ ರಾತ್ರಿ ಯಾರದೋ ಸ್ಕೂಟರಿನಲ್ಲಿ ಇಳಿಯುತ್ತಾಳೆ ಎಂದು ಎದುರು ಮನೆಯವರು ಹೇಳಿದರು ಎಂದರು. ಆ ಯಾರೋ ಅವಳ ಸ್ವಂತ ಸೋದರಮಾವ! ಆಸ್ಪತ್ರೆಯಲ್ಲಿ ಅಜ್ಜಿಯ ಹತ್ತಿರ ಕುಳಿತಿದ್ದವಳನ್ನು ಮನೆಗೆ ತಂದು ಬಿಡುತ್ತಿದ್ದ. ಅವಳನ್ನು ಕೇಳಿ ಎಂದು ನಾನು ಹೇಳಿದೆ, ಯಾರೂ ಕೇಳಲಿಲ್ಲ. ಲೋಟಗಳಲ್ಲಿ ಕಾಫಿ ಕೆನೆಗಟ್ಟುತ್ತಿತ್ತು, ಅವರೆಲ್ಲ ಗೇಟು ದಾಟಿದ್ದರು. ಕಿಟಕಿಯಲ್ಲಿ ಕಂಡದ್ದನ್ನು ನಂಬಿ ಹೆಣ್ಣುಮಗಳ ತೀರ್ಪು ಬರೆಯಬೇಡಿ.

ಜೇನ್ ಏನೂ ಮಾಡಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಸಂಬಂಧವಿತ್ತು, ಮಗುವೂ ಆಯಿತು. ಆದರೆ ರಾಜಕುಮಾರನಿಗೆ ಆದದ್ದೇನು? 1848ರಲ್ಲಿ ಆಸ್ಟ್ರಿಯಾದ ಪ್ರಧಾನಮಂತ್ರಿಯಾದ. ಗಂಡನೋ, ಅಲ್ಲಿ ಹೆಂಡತಿಯ ಮಾನ ಹರಾಜಾಗುತ್ತಿದ್ದಾಗಲೂ ಲಂಡನ್ನಿನಲ್ಲಿ ಕುಳಿತು ನಮ್ಮ ದೇಶದ ಕಾರುಬಾರು ನೋಡುವ ಮಂಡಳಿಯ ಅಧ್ಯಕ್ಷ. 1842ರಲ್ಲಿ ಇಲ್ಲಿಗೇ ಗವರ್ನರ್ ಜನರಲ್ ಆಗಿ ಬಂದ. ಘಜ್ನಿ ಮಹಮದ್ ಹೊತ್ತೊಯ್ದ ಸೋಮನಾಥ ದೇಗುಲದ ಬಾಗಿಲುಗಳೆಂದು ಅಫ್ಘಾನಿಸ್ತಾನದ ಘಜ್ನಿಯಿಂದ ಮೆರವಣಿಗೆಯಲ್ಲಿ ತರಿಸಿ, ಆಮೇಲೆ ಅವು ಸೋಮನಾಥದ್ದಲ್ಲ ಎಂದಾಯಿತಲ್ಲ, ಅದೇ ಪುಣ್ಯಾತ್ಮ. ಇನ್ನೊಮ್ಮೆ ಹೇಳುತ್ತೇನೆ, ಕಿಟಕಿಯ ಸಾಕ್ಷಿ ನಂಬಬೇಡಿ, ಇಂಟರ್‌ನೆಟ್ಟೂ ಒಂದು ಕಿಟಕಿಯೇ.

ಇದನ್ನೆಲ್ಲ ಪುಟ ತೆರೆದು ತೋರಿಸಬಹುದಿತ್ತು. ಮೂವತ್ತು ವರ್ಷ ಪಾಠ ಹೇಳಿದವಳ ಟ್ರಂಕಿನ ತುಂಬ ಪುಸ್ತಕಗಳಿದ್ದವು. ಮನೆ ಪಾಲಾದಾಗ ನನ್ನನ್ನು ಒಂದು ಮಾತು ಕೇಳದೆ ರದ್ದಿಗೆ ತೂಗಿ ಹಾಕಿದಿರಿ. ಯಾರೆಂದು ಹೇಳುವುದಿಲ್ಲ, ಇದೇ ಗುಂಪಿನಲ್ಲಿದ್ದಾರೆ. ಈಗ ಹೋಮ್‌ವರ್ಕ್ ಬಂದರೆ ಮಾತ್ರ ದೊಡ್ಡಮ್ಮ ಬೇಕು. ಹಬ್ಬಕ್ಕೆ ಒಂದು ಫೋನು ಮಾಡುವವರಿಲ್ಲ.

ಅಯ್ಯೋ, ಕೇಳಿದ್ದಕ್ಕೆ ಉತ್ತರ ಹೇಳಲೇ ಇಲ್ಲ. ಪಾತ್ರ ಬದಲಿಸಬೇಡ. ಹೋಟೆಲಿನ ಕಥೆಯಿಂದ ಶುರುಮಾಡದೆ ಸಿರಿಯಾದ ಡಮಾಸ್ಕಸ್‌ನಿಂದ ಶುರುಮಾಡಲಿ. ಅಲ್ಲಿ ಮೆಜ್ವೆಲ್ ಎಂಬ ಬೆಡುಯಿನ್ ಶೇಖನನ್ನು, ಅಂದರೆ ಮರುಭೂಮಿಯ ಅಲೆಮಾರಿ ಅರಬರ ಮುಖಂಡನನ್ನು, ಮದುವೆಯಾಗಿ ವರ್ಷದ ಅರ್ಧ ಮರಳುಗಾಡಿನ ಡೇರೆಯಲ್ಲಿ, ಅರ್ಧ ಊರಿನ ಮನೆಯಲ್ಲಿ ಇರುತ್ತಿದ್ದಳು. 1881ರಲ್ಲಿ ತೀರಿಕೊಳ್ಳುವವರೆಗೂ ಆ ಮದುವೆ ಉಳಿಯಿತು. ವೇಷವೂ ಸುಲಭ: ನೀಲಿ ನಿಲುವಂಗಿ, ಎರಡು ಉದ್ದನೆಯ ಜಡೆ. ಬಾಡಿಗೆಗೆ ಗೌನು ತಂದು ದುಡ್ಡು ಕಳೆಯಬೇಡ. ಪುಟ್ಟಿಯ ಕೂದಲು ಸಾಲದಿದ್ದರೆ ಚೌರಿ ಸೇರಿಸಿ ಹೆಣೆ, ನನ್ನ ಹತ್ತಿರ ಒಂದಿದೆ, ಮುಂದಿನ ತಿಂಗಳು ನಿಮ್ಮ ಮಾವ ಬರುವಾಗ ಕೊಟ್ಟು ಕಳುಹಿಸುತ್ತೇನೆ.