ಸಹಾಯ ಬೇಕು: ಅಪ್ಪನ ಕರುಳಿನ ಬಯಾಪ್ಸಿ, ಒಂದೊಂದು ಲ್ಯಾಬ್ ಒಂದೊಂದು ಥರ ಹೇಳ್ತಿದೆ

ನಮಸ್ಕಾರ ಎಲ್ರಿಗೂ. ಅಪ್ಪಂಗೆ 58 ವರ್ಷ, ನಾಲ್ಕು ತಿಂಗಳಿಂದ ಭೇದಿ, 64 ಕೆಜಿ ಇದ್ದೋರು 51ಕ್ಕೆ ಇಳಿದಿದ್ದಾರೆ, ನಾಲ್ಕು ಚಮಚ ರಾಗಿ ಗಂಜಿ ಕುಡಿದ್ರೂ ಹೊಟ್ಟೆ ಹಿಡ್ಕೊಂಡು ಮುದುಡ್ಕೋತಾರೆ. ಸಣ್ಣ ಕರುಳಲ್ಲಿ ಹುಣ್ಣು ನೋಡಿ ಮೊದ್ಲು ಟಿಬಿ ಅಂದ್ರು, ನಮ್ಮ ಕಡೆ ಅದೇ ಜಾಸ್ತಿ ಅಲ್ವಾ, ಎರಡು ತಿಂಗಳು ಮಾತ್ರೆ ನುಂಗಿದ್ರೂ ಏನೂ ಕಮ್ಮಿ ಆಗ್ಲಿಲ್ಲ. ಮತ್ತೆ ಬಯಾಪ್ಸಿ ಮಾಡ್ಸಿದ್ವಿ, ಸಿಡಿ3, ಸಿಡಿ8, ಸಿಡಿ56 (ಯಾವ ಥರದ ಕೋಶ ಅಂತ ಗುರುತು ಹೇಳೋ ಪ್ರೋಟೀನ್‌ಗಳು) ಪಾಸಿಟಿವ್, ಕೆಐ-67 (ಕೋಶಗಳು ಎಷ್ಟು ಜೋರಾಗಿ ಬೆಳೀತಿವೆ ಅನ್ನೋ ಅಳತೆ) 80%, ಎಂಇಐಟಿಎಲ್ ಅನ್ನೋ ಅಪರೂಪದ ಟಿ-ಸೆಲ್ ಲಿಂಫೋಮಾ (ಕರುಳಲ್ಲಿ ಬರೋ ಬಿಳಿ ರಕ್ತಕಣದ ಕ್ಯಾನ್ಸರ್) ಇರ್ಬಹುದು ಅಂತ ಒಂದು ಲ್ಯಾಬ್, ಸ್ಯಾಂಪಲ್ ತೀರಾ ಚಿಕ್ಕದು ಖಚಿತವಾಗಿ ಹೇಳಕ್ಕಾಗಲ್ಲ ಅಂತ ಇನ್ನೊಂದು. ಪಕ್ಕಾ ಆಗ್ದೆ ಕೀಮೋ ಶುರು ಮಾಡಲ್ಲ ಅಂತಾರೆ ಡಾಕ್ಟ್ರು, ಅದು ಸರೀನೇ, ಆದ್ರೆ ಅಷ್ಟರಲ್ಲಿ ಕರುಳು ತೂತಾದ್ರೆ ಅನ್ನೋ ಭಯಕ್ಕೆ ನಿದ್ದೆ ಬರ್ತಿಲ್ಲ. ಕಿದ್ವಾಯಿಯಲ್ಲಿ ರಿವ್ಯೂ ಮಾಡ್ಸೋಕೆ ಸ್ಲೈಡ್ ಸಾಕಾ, ಪ್ಯಾರಾಫಿನ್ ಬ್ಲಾಕೇ (ಮೇಣದಲ್ಲಿ ಇಟ್ಟಿರೋ ಬಯಾಪ್ಸಿ ತುಂಡು) ಬೇಕಾ? ಅಥವಾ ಎಂಟೆರೋಸ್ಕೋಪಿ (ಸಣ್ಣ ಕರುಳೊಳಗೆ ಕ್ಯಾಮೆರಾ ಟ್ಯೂಬ್ ಬಿಟ್ಟು ನೋಡೋದು) ಮಾಡ್ಸಿ ದೊಡ್ಡ ಸ್ಯಾಂಪಲ್ ತೆಗ್ಸೋದೇ ಒಳ್ಳೇದಾ? ಮಾಡ್ಸಿರೋರು ದಯವಿಟ್ಟು ಹೇಳಿ.