ಜಪಾನಿನ ಹಿಮದ ಊರಿಗೆ ಸಂಸಾರ ಸಮೇತ ಹೋಗುವವರು ಮೊದಲು ಏನೇನು ಮಾಡಬೇಕು?

ಪ್ರಶ್ನೆ: ನಾಗಾನೊ ಪ್ರಾಂತ್ಯದ ಉತ್ತರ ತುದಿ, ಈಯಾಮಾ ಹತ್ತಿರದ ಸಣ್ಣ ಊರಿಗೆ ಸೆಪ್ಟೆಂಬರ್ ಕೊನೆಗೆ ಹೋಗುತ್ತಿದ್ದೇವೆ. ಕಾರ್ಖಾನೆ ಕೆಲಸ, ಬಾಡಿಗೆಗೆ ಹಳೆಯ ಮರದ ಮನೆ. ಮಗಳಿಗೆ ಏಳು ವರ್ಷ. ಭಾಷೆ ಅಷ್ಟಕ್ಕಷ್ಟೆ, ಊಟ ಸಸ್ಯಾಹಾರ. ಹೋದ ಕೂಡಲೇ ಏನು ಮಾಡಬೇಕು, ಹೊಸಬರು ಎಲ್ಲಿ ಎಡವುತ್ತಾರೆ? ಬಲ್ಲವರು ಹೇಳಿ.

ನೀಗಾಟಾ ಕಡೆಯಿಂದ ಉತ್ತರ:

ಮನೆಗೆ ಹೋದ 14 ದಿನದೊಳಗೆ ಯಾಕುಬಾಗೆ, ಅಂದರೆ ಊರಿನ ಆಡಳಿತ ಕಚೇರಿಗೆ, ಹೋಗಿ ವಿಳಾಸ ದಾಖಲಿಸಬೇಕು. ಮನೆಯವರೆಲ್ಲರ ಪಾಸ್‌ಪೋರ್ಟ್, ವಿಮಾನ ನಿಲ್ದಾಣದಲ್ಲಿ ಕೊಟ್ಟ ಝೈರ್ಯು ಕಾರ್ಡ್ (ನಿವಾಸದ ಗುರುತುಚೀಟಿ) ಒಯ್ಯಿರಿ. ಜೊತೆಗೆ ಮದುವೆ ಮತ್ತು ಮಗಳ ಜನನ ಪ್ರಮಾಣಪತ್ರಗಳ ಜಪಾನಿ ಅನುವಾದವೂ ಇರಲಿ. ಮನೆ ಯಜಮಾನನಿಗೂ ಉಳಿದವರಿಗೂ ಏನು ಸಂಬಂಧ ಅಂತ ಕೇಳುತ್ತಾರೆ. ಅನುವಾದ ಇಲ್ಲದೆ ಕೆಲಸ ಅಲ್ಲಿಗೇ ನಿಲ್ಲುವುದು ಬಹಳ ಸಾಮಾನ್ಯ. ಕಂಪನಿಯೇ ಆರೋಗ್ಯ ವಿಮೆಗೆ ಸೇರಿಸುತ್ತದೆ ಅಂತಾದರೆ ಯಾಕುಬಾದ ರಾಷ್ಟ್ರೀಯ ವಿಮೆಗೆ ಸೇರಬೇಡಿ, ಎರಡು ಕಡೆ ಕಂತಿನ ಚೀಟಿ ಬರುತ್ತದೆ. ಯಾವ ವಿಮೆಯಾದರೂ ವೈದ್ಯರ ಬಿಲ್ಲಿನ ಶೇ. 30 ನಿಮ್ಮ ಕೈಯಿಂದ.

ಅದೇ ಕೌಂಟರಿನಲ್ಲಿ ಇಷ್ಟನ್ನು ಕೇಳಿ ತೆಗೆದುಕೊಳ್ಳಿ: ಕಸದ ಕ್ಯಾಲೆಂಡರ್, ವಿಪತ್ತು ನಕ್ಷೆ, ಮನೆಯೊಳಗಿಡುವ ಎಚ್ಚರಿಕೆ ರೇಡಿಯೊ. ಊರಿನ ಧ್ವನಿವರ್ಧಕದ ಮಾತು ಗಾಜು ಮುಚ್ಚಿದ ಮನೆಯೊಳಗೆ ಕೇಳಿಸುವುದಿಲ್ಲ. ಅದಕ್ಕೇ ಈ ರೇಡಿಯೊ ಕೊಡುವ ಊರುಗಳು ಬಹಳ. ಕೊನೆಗೆ ನಿಮ್ಮ ಮನೆ ಯಾವ ‘ಕುಮಿ’ಗೆ, ಅಂದರೆ ನೆರೆಮನೆಗಳ ಗುಂಪಿಗೆ, ಸೇರುತ್ತದೆ, ಈ ವರ್ಷ ಅದರ ಮುಖ್ಯಸ್ಥರು ಯಾರು ಅಂತ ಕೇಳಿ. ಮೊದಲ ವಾರದ ಪ್ರಶ್ನೆಗಳಲ್ಲೆಲ್ಲ ಇದೇ ಮುಖ್ಯ ಅನ್ನುತ್ತೇನೆ. ಇಂಥ ಊರುಗಳಲ್ಲಿ ಸುದ್ದಿ ಓಡಾಡುವುದು ಫೋನಿನಲ್ಲಲ್ಲ, ಕಾಯ್‌ರಾನ್‌ಬಾನ್ ಎಂಬ ಹಲಗೆಗೆ ಸಿಕ್ಕಿಸಿದ ಕಾಗದದಲ್ಲಿ. ಓದಿ, ಮುದ್ರೆ ಒತ್ತಿಯೋ ಸಹಿ ಹಾಕಿಯೋ ಅದೇ ದಿನ ಪಕ್ಕದ ಮನೆಗೆ ದಾಟಿಸಬೇಕು. ನಿಮ್ಮಲ್ಲಿ ಮೂರು ದಿನ ಕೂತರೆ ಮುಂದಿನ ಮನೆಯವರಿಗೆ ಕಾಲುವೆ ಸ್ವಚ್ಛತೆಯ ದಿನವೇ ತಿಳಿಯುವುದಿಲ್ಲ. ಅರ್ಥವಾಗದಿದ್ದರೆ ಫೋಟೊ ತೆಗೆದು ಅನುವಾದದ ಆ್ಯಪ್‌ಗೆ ಹಾಕಿ, ಹಲಗೆ ಮಾತ್ರ ತಡೆಯಬೇಡಿ.

ಎದುರಿನ ಮೂರು ಮನೆ, ಎಡಬಲದ ಎರಡು, ಜೊತೆಗೆ ಕುಮಿ ಮುಖ್ಯಸ್ಥರ ಮನೆಗೆ ಮೊದಲ ವಾರಾಂತ್ಯವೇ ಹೋಗಿ ನಮಸ್ಕಾರ ಹೇಳಿ. 500ರಿಂದ 1,000 ಯೆನ್ ಒಳಗಿನ ಸಿಹಿ ಅಥವಾ ಟವೆಲು ಸಾಕು, ದುಬಾರಿ ಕೊಟ್ಟರೆ ಅವರು ಅಷ್ಟೇ ತೂಕದ್ದನ್ನು ತಿರುಗಿ ಕೊಡಬೇಕಾಗುತ್ತದೆ. ಇಡೀ ಸಂಸಾರ ಒಟ್ಟಿಗೆ ಹೋಗಿ, ಮಗುವಿನ ಮುಖ ನೋಡಿದ ಮೇಲೆ ಮಾತು ಬೇಗ ಬೆಳೆಯುತ್ತದೆ.

ಕಸ: ಊರು ಗೊತ್ತುಮಾಡಿದ ಚೀಲ, ಗೊತ್ತಾದ ದಿನ, ಬೆಳಿಗ್ಗೆ ಸುಮಾರು ಎಂಟರೊಳಗೆ. ಹಿಂದಿನ ರಾತ್ರಿ ಇಟ್ಟರೆ ಕಾಗೆ, ನರಿ ಹರಿದು ಚೆಲ್ಲುತ್ತವೆ, ಬಾಚುವವರು ಪಕ್ಕದ ಮನೆಯ ಹಿರಿಯರು. ಚೀಲದ ಮೇಲೆ ಹೆಸರು ಬರೆಯಬೇಕೋ ಕೇಳಿ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ, ಲೇಬಲ್ ಬೇರೆ, ಬಾಟಲಿ ತೊಳೆದದ್ದು. ಕರಿದ ಎಣ್ಣೆ ಸಿಂಕಿಗೆ ಬೇಡ: ಎಣ್ಣೆ ಬಿಸಿ ಇರುವಾಗಲೇ ಗಟ್ಟಿಮಾಡುವ ಪುಡಿ ಬೆರೆಸಿ, ಆರಿದ ಮೇಲೆ ಸುಡುವ ಕಸಕ್ಕೆ. ಕಸದ ಗೂಡು ನೋಡಿಕೊಳ್ಳುವುದು ನೆರೆಹೊರೆ ಸಂಘ. ಸದಸ್ಯರಲ್ಲದವರು ಬಳಸಕೂಡದು ಅನ್ನುವ ಊರುಗಳೂ ಇವೆ. ಆದ್ದರಿಂದ ಸಂಘದ ಚಂದಾ ಉಳಿಸಲು ಹೋಗಬೇಡಿ.

ನಾಗಾನೊದಿಂದ ಉತ್ತರ:

ನೀವು ಹೋಗುವ ಸೀಮೆಯಲ್ಲಿ ಚಳಿಗಾಲಕ್ಕೆ ತಯಾರಿ ಅಕ್ಟೋಬರಿನಲ್ಲೇ ಮುಗಿಯಬೇಕು. ಈ ತಿಂಗಳು ಕಳೆದರೆ ಟೈರು, ಹೀಟರು, ಸಲಿಕೆ ಎಲ್ಲಕ್ಕೂ ಸಾಲು.

ಮೊದಲು ನೀರು. ಹಳೆಯ ಮರದ ಮನೆಗೆ ಶಾಖ ಹಿಡಿದಿಡುವ ಪದರವೇ ಇರುವುದಿಲ್ಲ. ಹೊರಗೆ ಮೈನಸ್ 4 ಡಿಗ್ರಿ ಮುಟ್ಟಿದರೆ ನಳ ಹೆಪ್ಪುಗಟ್ಟಿ ಒಡೆಯಬಹುದು. ನಳದ ನೀರು ಬಸಿಯುವ ‘ಮಿಝುನುಕಿ’ ವಾಲ್ವ್ ಎಲ್ಲಿದೆ ಎಂದು ಮನೆ ಒಡೆಯರಿಂದ ಕೈಯಾರೆ ತೋರಿಸಿಕೊಳ್ಳಿ. ರಾತ್ರಿ ಮಾಡುವ ಕ್ರಮ: ವಾಲ್ವನ್ನು ಕೊನೆಯವರೆಗೆ ತಿರುಗಿಸಿ ಮುಚ್ಚಿ, ಆಮೇಲೆ ಮನೆಯ ಎಲ್ಲ ನಲ್ಲಿ ತೆರೆಯಿರಿ. ಗಾಳಿ ಒಳಹೊಕ್ಕು ನಳದ ನೀರು ನೆಲಕ್ಕೆ ಬಸಿಯುತ್ತದೆ. ಟಾಯ್ಲೆಟ್ ತೊಟ್ಟಿಯನ್ನೂ ಒಮ್ಮೆ ಖಾಲಿ ಮಾಡಿ. ಬೆಳಿಗ್ಗೆ ನಲ್ಲಿ ಮುಚ್ಚಿ ವಾಲ್ವ್ ಪೂರ್ತಿ ತೆರೆಯಬೇಕು. ಅರ್ಧಕ್ಕೆ ಬಿಟ್ಟರೆ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ, ಅದರ ಜೊತೆಗೇ ನೆಲದಡಿಗೂ ಸೋರುತ್ತಿರುತ್ತದೆ. ಬಿಲ್ಲು ಬಂದಾಗಲೇ ಗೊತ್ತಾಗುವುದು.

ಗೋಡೆಯ ಹೊರಗೆ ಯಾವುದೋ ಪ್ಲಗ್ ಕಂಡರೆ ಕೀಳಬೇಡಿ. ನಳಕ್ಕೆ ಸುತ್ತಿದ ಹೀಟರ್ ಪಟ್ಟಿಯದ್ದಿರುತ್ತದೆ. ಕರೆಂಟ್ ಉಳಿಸಲು ಕಿತ್ತು ನಳ ಒಡೆಸಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಹೆಪ್ಪುಗಟ್ಟಿದ ನಳಕ್ಕೆ ಕುದಿನೀರು ಸುರಿಯಬೇಡಿ, ಬಟ್ಟೆ ಸುತ್ತಿ ಬೆಚ್ಚಗಿನ ನೀರು ನಿಧಾನವಾಗಿ ಹೊಯ್ಯಿರಿ.

ಬಿಸಿಗೆ ಸೀಮೆಎಣ್ಣೆ ಹೀಟರ್. ಎಣ್ಣೆ ತರುವುದು 18 ಲೀಟರಿನ ಕ್ಯಾನಿನಲ್ಲಿ. ಕಳೆದ ವರ್ಷದ ಉಳಿಕೆ ಹಾಕಿದರೆ ಹೀಟರ್ ಕೆಡುತ್ತದೆ. ಹೊಗೆಕೊಳವೆ ಇಲ್ಲದ ಹೀಟರಾದರೆ ಗಂಟೆಗೆ ಒಂದೆರಡು ಸಲ ಕಿಟಕಿ ತೆರೆಯಿರಿ. ಎಷ್ಟೇ ಚಳಿಯಿದ್ದರೂ ಇದರಲ್ಲಿ ರಾಜಿ ಬೇಡ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಹೊಗೆಕೊಳವೆ ಇದ್ದರೆ ಅದರ ಹೊರಬಾಯಿ ಹಿಮದಲ್ಲಿ ಮುಚ್ಚಿಹೋಗದಂತೆ ದಿನಾ ನೋಡಿ.

ಚಾವಣಿಯ ಹಿಮ ಇಳಿಸಲು ಒಬ್ಬರೇ ಹತ್ತಬೇಡಿ. ಹಗ್ಗ, ಹೆಲ್ಮೆಟ್ ಇಲ್ಲದೆ ಹತ್ತಿ ಜಾರಿ ಸಾಯುವವರು ಈ ಸೀಮೆಯಲ್ಲಿ ಪ್ರತಿ ಚಳಿಗಾಲವೂ ಇದ್ದಾರೆ, ಹುಟ್ಟಿ ಬೆಳೆದ ಸ್ಥಳೀಯರೂ ಸೇರಿದಂತೆ. ಆ ಕೆಲಸಕ್ಕೆ ಜನ ಗೊತ್ತುಮಾಡುವುದು ಯಾರ ಹೊಣೆ, ಖರ್ಚು ಯಾರದು ಎಂದು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿ. ಅಂಗಳದ ಹಿಮವನ್ನು ರಸ್ತೆಗೆ ತಳ್ಳುವಂತಿಲ್ಲ. ಹಿಮ ಕೊಚ್ಚಿಕೊಂಡು ಹೋಗುವ ಕಾಲುವೆ ಬೀದಿಯಲ್ಲಿದ್ದರೆ ಅದಕ್ಕೆ ಕೇರಿವಾರು ಸಮಯ ಇರುತ್ತದೆ, ಕೆಲಸ ಮುಗಿದ ಕೂಡಲೇ ಮುಚ್ಚಳ ಹಾಕಿ. ಸೂರಿನಡಿ ಮಗು ಆಡದಿರಲಿ.

ಕಾರಿನ ಬಗ್ಗೆ, ಶಿಮಾನೆಯಿಂದ:

ಬಸ್ಸು ನಂಬಿ ಬದುಕುವುದು ಕಷ್ಟ. ಎಡಬದಿಯ ಓಡಾಟ, ಬಲಗಡೆ ಸ್ಟೀರಿಂಗ್ ನಮ್ಮಂತೆಯೇ. ಭಾರತದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜಪಾನಿಗೆ ಬಂದಿಳಿದ ದಿನದಿಂದ ಒಂದು ವರ್ಷ ನಡೆಯುತ್ತದೆ, ಅದರದೇ ಅವಧಿ ಮೊದಲೇ ಮುಗಿದರೆ ಅಲ್ಲಿಗೇ ಕೊನೆ. ನಡುವೆ ಊರಿಗೆ ಬಂದು ಮೂರು ತಿಂಗಳೊಳಗೆ ಮರಳಿದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ.

ಭಾರತದ ಪರವಾನಗಿಯನ್ನು ಜಪಾನಿನದಕ್ಕೆ ಬದಲಾಯಿಸಲು, ಲೈಸೆನ್ಸ್ ಸಿಕ್ಕ ಮೇಲೆ ಭಾರತದಲ್ಲಿ ಒಟ್ಟು ಮೂರು ತಿಂಗಳಾದರೂ ಇದ್ದಿರಿ ಎಂದು ತೋರಿಸಬೇಕು. ಹಳೆಯ ಪಾಸ್‌ಪೋರ್ಟನ್ನೂ ತನ್ನಿ. ಕಾರ್ಡಿನಲ್ಲಿ ಮೊದಲು ಕೊಟ್ಟ ದಿನಾಂಕ ಸ್ಪಷ್ಟವಿಲ್ಲದಿದ್ದರೆ ಹೊರಡುವ ಮುಂಚೆ ಆರ್‌ಟಿಒ ಕಚೇರಿಯಿಂದ ಪತ್ರ ಮಾಡಿಸಿಕೊಳ್ಳಿ, ಅಲ್ಲಿಂದ ತರಿಸುವುದು ತಲೆನೋವು. 2025ರ ಅಕ್ಟೋಬರಿನಿಂದ ಲಿಖಿತ ಪರೀಕ್ಷೆ 10ರ ಬದಲು 50 ಪ್ರಶ್ನೆ, 45 ಸರಿಯಾಗಬೇಕು. ಚಾಲನೆಯಲ್ಲಿ ನಪಾಸಾಗುವುದು ಹೆಚ್ಚಾಗಿ ‘ನಿಲ್ಲಿ’ ಫಲಕದ ಮುಂದೆ, ಚಕ್ರ ಪೂರ್ತಿ ನಿಲ್ಲದೆ ಹೋದುದಕ್ಕೆ. ಎಡಕ್ಕೆ ತಿರುಗುವಾಗ ಹಿಂದಿನಿಂದ ಸೈಕಲ್ ಬರುತ್ತಿದೆಯೇ ಎಂದು ಕತ್ತು ತಿರುಗಿಸಿ ನೋಡದಿದ್ದರೂ ಅಂಕ ಹೋಗುತ್ತದೆ. ರೈಲ್ವೆ ಗೇಟ್ ತೆರೆದಿದ್ದರೂ ನಿಂತೇ ದಾಟಬೇಕು. ಹಿಮ ಕರಗಿದ ಕೂಡಲೇ ಅರ್ಜಿ ಹಾಕಿ, ಒಂದೇ ಸಲಕ್ಕೆ ಪಾಸಾಗದವರೇ ಹೆಚ್ಚು.

660 ಸಿಸಿಯ ಕೇ ಕಾರು ಹಳ್ಳಿ ರಸ್ತೆಗೆ ಹೊಂದುತ್ತದೆ. ಹಿಮದೂರಿಗೆ ನಾಲ್ಕು ಚಕ್ರವೂ ಎಳೆಯುವಂಥದ್ದನ್ನೇ ಕೊಳ್ಳಿ. ಪೆಟ್ರೋಲು ಕೆಂಪು ನಳಿಕೆ. ಹಸಿರು ನಳಿಕೆಯ ‘ಕೇಯು’ ಡೀಸೆಲ್, ಹೆಸರು ನೋಡಿ ಕೇ ಕಾರಿಗೆ ತುಂಬಿಸಿ ಎಂಜಿನ್ ಕೆಡಿಸಿಕೊಳ್ಳಬೇಡಿ. ಹಿಮದಲ್ಲಿ ಕಾರು ಹೂತು ನಿಂತರೆ ಎಂಜಿನ್ ಆರಿಸಿ. ಮತ್ತೆ ಹಾಕಲೇಬೇಕಾದರೆ ಮೊದಲು ಹೊಗೆಕೊಳವೆಯ ಸುತ್ತ ಹಿಮ ಬಿಡಿಸಿ.

ತೆರಿಗೆ ಬಗ್ಗೆ ಎರಡು ಮಾತು:

ನಿವಾಸಿ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ, ಜನವರಿ 1ರಂದು ಎಲ್ಲಿ ಇದ್ದಿರೋ ಆ ಊರಿಗೆ. ಮೊದಲ ಜೂನಿನಲ್ಲಿ ಕಡಿತ ಅತ್ಯಲ್ಪ ಅಥವಾ ಸೊನ್ನೆ, ಎರಡನೆಯ ಜೂನಿನಿಂದ ಪೂರ್ತಿ ಭಾರ. ಮೊದಲ ವರ್ಷದ ಕೈಸಂಬಳ ನಂಬಿ ಕಾರಿನ ಸಾಲ ಮಾಡಬೇಡಿ. ಭಾರತದ ಕಂಪನಿಯೇ ಕಳಿಸುತ್ತಿದ್ದರೆ, 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಎರಡು ದೇಶಗಳ ಸಾಮಾಜಿಕ ಭದ್ರತಾ ಒಪ್ಪಂದದಂತೆ, ಭಾರತದಲ್ಲೇ ಕಂತು ಕಟ್ಟುತ್ತಿದ್ದೀರಿ ಎಂಬ ಪ್ರಮಾಣಪತ್ರ ತಂದರೆ ಜಪಾನಿನ ಪಿಂಚಣಿ ಕಂತು ತಪ್ಪುತ್ತದೆ.

ಊಟದ ಬಗ್ಗೆ, ತೊತ್ತೊರಿಯಿಂದ:

ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು. ಮಿಸೊ ಸಾರು, ಬೇಯಿಸಿದ ತರಕಾರಿ, ನೂಡಲ್ ಸಾರು ಎಲ್ಲಕ್ಕೂ ಒಣಮೀನಿನ ‘ದಾಶಿ’ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ, ‘ಕರ್ರಿ’ ಸಾರಿಗೆ ಹಾಕುವ ಮಸಾಲೆ ಗಟ್ಟಿಗಳಲ್ಲಿ ದನ, ಹಂದಿಯ ಕೊಬ್ಬು ಸಾಮಾನ್ಯ. ಮನೆಯಲ್ಲಿ ಕೊಂಬು ಎಂಬ ಕಡಲ ಪಾಚಿಯಿಂದ ದಾಶಿ ಮಾಡಬಹುದು. ತೊಗರಿ, ಉದ್ದು ಊರಂಗಡಿಯಲ್ಲಿ ಸಿಗುವುದಿಲ್ಲ, ಜಪಾನಿನೊಳಗಿನ ಭಾರತೀಯ, ಹಲಾಲ್ ಅಂಗಡಿಗಳು ಅಂಚೆಯಲ್ಲಿ ಕಳಿಸುತ್ತವೆ. ಊರಿನಿಂದ ತಾಜಾ ಕರಿಬೇವು, ಬಿತ್ತನೆ ಬೀಜ ತರಬೇಡಿ, ತಾಜಾ ಕರಿಬೇವು ನಿಷಿದ್ಧ, ಬೀಜ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಜಪ್ತಿಯಾಗುತ್ತದೆ. ಹೆದ್ದಾರಿ ಬದಿಯ ‘ಮಿಚಿ ನೊ ಎಕಿ’ ಸಂತೆಯಲ್ಲಿ ಕೆಸುವಿನ ಗೆಡ್ಡೆ, ಮೂಲಂಗಿ, ವಸಂತದಲ್ಲಿ ಕಳಲೆ ರೈತರಿಂದ ನೇರವಾಗಿ ಸಿಗುತ್ತವೆ. ಮಲೆನಾಡಿನವರಿಗೆ ಅಡುಗೆ ಹೇಳಿಕೊಡಬೇಕಿಲ್ಲ. ಚಳಿಯಲ್ಲಿ ಇಡ್ಲಿ ಹಿಟ್ಟು ಹುದುಗಲು ಪಾತ್ರೆಯನ್ನು ಕೊತಾತ್ಸು (ಅಡಿಯಲ್ಲಿ ಹೀಟರಿರುವ) ಮೇಜಿನ ಕೆಳಗೆ, ಹೀಟರಿನಿಂದ ದೂರ, ಕಡಿಮೆ ಬಿಸಿಯಲ್ಲಿಡಿ.

ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಊಟ. ತಿಂಗಳ ಪಟ್ಟಿ ಮುಂಚೆಯೇ ಮನೆಗೆ ಬರುತ್ತದೆ. ಮೀನಿನ ದಾಶಿಯೂ ಬೇಡವೋ, ಅದನ್ನು ಒಪ್ಪುತ್ತೀರೋ ಎಂದು ಮೊದಲು ಮನೆಯಲ್ಲಿ ತೀರ್ಮಾನಿಸಿ, ಜಪಾನಿಯಲ್ಲಿ ಬರೆದು ತರಗತಿಯ ಶಿಕ್ಷಕರಿಗೆ ಕೊಡಿ. ಬುತ್ತಿ ಒಯ್ಯಲು ಒಪ್ಪಿದರೆ ಪಟ್ಟಿಯ ಆಯಾ ದಿನಕ್ಕೆ ಹೋಲುವ ಅಡುಗೆಯನ್ನೇ ಕಟ್ಟಿಕೊಡಿ, ಮಗು ಒಂಟಿ ಅನಿಸಿಕೊಳ್ಳುವುದಿಲ್ಲ.