ವಿಲೇಜ್ ವ್ಯಾನ್‌ಗಾರ್ಡಲ್ಲಿ ಜಾಝ್ ಕೇಳಿ ಬಂದ್ವಿ, ಸೋಲೋ ಶುರುವಾದ್ಮೇಲೆ ಹಾಡು ಎಲ್ಲಿಗೆ ಹೋಗುತ್ತೆ?

ಜರ್ಸಿ_ಕನ್ನಡತಿ:
ಎಲ್ರಿಗೂ ನಮಸ್ಕಾರ. ಹೋದ ಶನಿವಾರ ನಾನೂ ನಮ್ಮ ಯಜಮಾನ್ರೂ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ಜಾಝ್ ಕ್ಲಬ್ಬಿಗೆ ಹೋಗಿದ್ವಿ. ಸೆವೆಂತ್ ಅವೆನ್ಯೂನಲ್ಲಿ ಒಂದು ಕೆಂಪು ಬಾಗಿಲು, ಮೆಟ್ಟಿಲಿಳಿದ್ರೆ ನೆಲಮಾಳಿಗೆ, 1935ರಿಂದ ನಡೀತಿರೋ ಜಾಗ ಅಂತ ಗೊತ್ತಿತ್ತು ಆದ್ರೆ ಇಷ್ಟು ಪುಟ್ಟದು ಅಂದ್ಕೊಂಡಿರ್ಲಿಲ್ಲ, ನೂರಿಪ್ಪತ್ತು ಚಿಲ್ಲರೆ ಜನ ಕೂತ್ರೆ ಭರ್ತಿ. ಸ್ಯಾಕ್ಸ್, ಪಿಯಾನೋ, ಬಾಸ್, ಡ್ರಮ್ಸ್, ನಾಲ್ಕೇ ಜನ. ಫೋನ್ ತೆಗಿಯೋ ಹಾಗಿಲ್ಲ, ಮಾತಾಡೋ ಹಾಗಿಲ್ಲ, ಅದು ನನಗೆ ಬಹಳ ಇಷ್ಟ ಆಯ್ತು.

ಈಗ ನನ್ನ ಪ್ರಶ್ನೆ. ಮೊದಲು ಎಲ್ರೂ ಸೇರಿ ಒಂದು ಟ್ಯೂನ್ ನುಡಿಸ್ತಾರೆ, ಅಲ್ಲಿವರ್ಗೂ ಸರಿ. ಆಮೇಲೆ ಸ್ಯಾಕ್ಸ್‌ನವರು ಹೊರಟ್ರು ನೋಡಿ, ಸ್ವಲ್ಪ ಹೊತ್ತಿಗೆ ನನಗೆ ಏನೂ ಗುರುತು ಸಿಗ್ಲಿಲ್ಲ, ಆದ್ರೆ ಮಿಕ್ಕ ಮೂರು ಜನಕ್ಕೆ ಎಲ್ಲಿದ್ದೀವಿ ಅಂತ ಕರೆಕ್ಟಾಗಿ ಗೊತ್ತು, ಎಲ್ರೂ ಒಟ್ಟಿಗೆ ಬಂದು ಸೇರ್ತಾರೆ. ನಾನು ಚಾಮರಾಜಪೇಟೆ ರಾಮನವಮಿ ಕಚೇರಿ ಕೇಳ್ಕೊಂಡು ಬೆಳೆದವಳು, ಅಲ್ಲಿ ಆಲಾಪನೆ ಎಷ್ಟು ದೂರ ಹೋದ್ರೂ ರಾಗ ಇರುತ್ತೆ, ನೆರವಲ್ ಅಂದ್ರೆ ಸಾಹಿತ್ಯದ ಸಾಲಿರುತ್ತೆ. ಇಲ್ಲಿ ಯಾವುದನ್ನ ಹಿಡ್ಕೊಂಡು ಕೇಳ್ಬೇಕು? ಇನ್ನೊಂದು, ಹಾಡಿನ ಮಧ್ಯದಲ್ಲೇ ಚಪ್ಪಾಳೆ ಯಾಕೆ ಹೊಡೀತಾರೆ?

ದಪ್ಪತಂತಿ:
ಮೇಡಂ, ಬಹಳ ಒಳ್ಳೆ ಪ್ರಶ್ನೆ. ಹಾಡು ಎಲ್ಲಿಗೂ ಹೋಗಿರಲ್ಲ, ಅದೇ ಹಾಡು ಸುತ್ತಿ ಸುತ್ತಿ ಬರ್ತಿರುತ್ತೆ. ಮೊದಲು ಸೇರಿ ನುಡಿಸ್ತಾರಲ್ಲ, ಅದನ್ನ ಹೆಡ್ ಅಂತಾರೆ. ಹಳೇ ಟ್ಯೂನುಗಳಲ್ಲಿ ಬಹಳಷ್ಟು 32 ಬಾರ್ ಇರುತ್ತೆ (ಒಂದು ಬಾರ್ ಅಂದ್ರೆ ಸಾಮಾನ್ಯವಾಗಿ ನಾಲ್ಕು ಎಣಿಕೆ), ಎಂಟೆಂಟು ಬಾರಿನ ನಾಲ್ಕು ಭಾಗ, ಎಷ್ಟೋ ಟ್ಯೂನಲ್ಲಿ ಮೊದಲ್ನೇದು ಎರಡ್ನೇದು ನಾಲ್ಕನೇದು ಹೆಚ್ಚುಕಮ್ಮಿ ಒಂದೇ, ಮೂರನೇದು ಮಾತ್ರ ಬೇರೆ, ಅದಕ್ಕೆ ಬ್ರಿಜ್ ಅಂತಾರೆ. ಬ್ಲೂಸ್ ಆದ್ರೆ ಸಾಮಾನ್ಯವಾಗಿ 12 ಬಾರ್. ಹೆಡ್ ಮುಗಿದ್ಮೇಲೆ ಮೆಲೊಡಿ ಬಿಟ್ಬಿಡ್ತಾರೆ, ಆದ್ರೆ ಅದರ ಕೆಳಗಿದ್ದ ಕಾರ್ಡ್ಸ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಇದ್ಯಲ್ಲ ಅದು ಅದೇ ಕ್ರಮದಲ್ಲಿ ಮತ್ತೆ ಮೊದಲಿಂದ. ಅಂಥ ಒಂದು ಸುತ್ತಿಗೆ ಕೋರಸ್ ಅಂತ ಹೆಸರು. ಸೋಲೋ ಅಂದ್ರೆ ಒಬ್ಬರು ಮುಂದೆ ನಿಂತು ಮನೋಧರ್ಮದಲ್ಲಿ ನುಡಿಸೋ ಎರಡೋ ಮೂರೋ ಹತ್ತೋ ಕೋರಸ್.

ಅಲ್ಲಿ ರಾಗ ಹುಡುಕಿದ್ರೆ ಸಿಗಲ್ಲ, ಯಾಕಂದ್ರೆ ಕಾರ್ಡ್ ಬದಲಾದ ಹಾಗೆ ಯಾವ ಸ್ವರ ನೆಮ್ಮದಿ ಕೊಡುತ್ತೆ ಅನ್ನೋದೂ ಬದಲಾಗುತ್ತೆ. ನಮ್ಮ ಕಚೇರಿಲಿ ತಂಬೂರಿ ಶ್ರುತಿ ಕೊನೇವರ್ಗೂ ಕದಲಲ್ಲ, ಇಲ್ಲಿ ಆ ಆಧಾರಾನೇ ಜಾಗ ಬದಲಿಸ್ತಿರುತ್ತೆ. ನನ್ನ ಸಲಹೆ ಒಂದೇ: ಸೋಲೋ ಶುರುವಾದಾಗ ನೀವು ಮನಸ್ಸಲ್ಲಿ ಹೆಡ್ ಹಾಡ್ತಾ ಇರಿ, ಕಿವಿ ಬಾಸ್ ಮೇಲಿಡಿ. ಬ್ರಿಜ್ ಬಂದಾಗ ಎಲ್ರ ನಾದದ ಬಣ್ಣ ಬದಲಾಗೋದು ತಾನಾಗೇ ಕೇಳ್ಸುತ್ತೆ. ನಿಜ ಹೇಳ್ತೀನಿ, ಜಾಝಲ್ಲಿ ಸೋಲೋ ನುಡಿಸ್ದೇ ಇರೋರನ್ನ ಕೇಳೋಕೆ ಕಲಿತ್ರೆ ಸೋಲೋ ಅರ್ಥ ಆಗುತ್ತೆ.

ಚಪ್ಪಾಳೆ ಒಬ್ಬೊಬ್ಬರ ಸೋಲೋ ಮುಗಿದಾಗ, ಅಷ್ಟೆ.

ಲಯಪ್ರಿಯ:
ದಪ್ಪತಂತಿ ಸರ್ ಹೇಳಿದ್ದಕ್ಕೆ ತಾಳದ ಕಡೆಯಿಂದ ಒಂದು ಮಾತು ಸೇರಿಸ್ತೀನಿ. ನಾವು ಆದಿತಾಳ ಹಾಕೋವಾಗ ಸಮ ಅಂದ್ರೆ ಒಂದನೇ ಪೆಟ್ಟು, ಆ ಅಭ್ಯಾಸ ಇಟ್ಕೊಂಡು ಹೋದ್ರೆ ಸ್ವಿಂಗ್, ಅಂದ್ರೆ ಜಾಝಿನ ಆ ತೂಗೋ ನಡೆ, ಕೈಗೆ ಸಿಗಲ್ಲ. ನಾಲ್ಕು ಎಣಿಕೆಲಿ ಡ್ರಮ್ಮರ್ ಎಡಗಾಲು ನೋಡಿ, ಹೈಹ್ಯಾಟ್ (ಕಾಲಲ್ಲಿ ತುಳಿಯೋ ಜೋಡಿ ತಾಳ) ಎರಡನೇ ಎಣಿಕೆಗೂ ನಾಲ್ಕನೇದಕ್ಕೂ ಮುಚ್ಕೊಳ್ಳುತ್ತೆ. ಬೆರಳು ಅಲ್ಲಿ ತಟ್ಟಿ. ಬಾಸ್ ನಾಲ್ಕೂ ಎಣಿಕೆಗೆ ಒಂದೊಂದು ಸ್ವರ ಮೀಟ್ಕೊಂಡು ನಡೀತಿರುತ್ತೆ, ವಾಕಿಂಗ್ ಬಾಸ್ ಅಂತಾರಲ್ಲ ಅದೇ.

ಕೊನೇಲಿ ಸ್ಯಾಕ್ಸ್ ನಾಲ್ಕು ಬಾರ್, ಡ್ರಮ್ಸ್ ನಾಲ್ಕು ಬಾರ್ ಅಂತ ಹಂಚ್ಕೊಂಡು ನುಡಿಸಿದ್ರೆ ಅದು ಟ್ರೇಡಿಂಗ್ ಫೋರ್ಸ್, ನಮ್ಮ ಕಚೇರಿಯ ತನಿ ಆವರ್ತನದಲ್ಲಿ ಮೃದಂಗ ಘಟ ಸವಾಲ್ ಜವಾಬ್ ಮಾಡ್ತಾವಲ್ಲ ಅದನ್ನ ಕೇಳಿದೋರಿಗೆ ಇದು ತಕ್ಷಣ ಹಿಡಿಸುತ್ತೆ. ಡ್ರಮ್ಸ್ ಒಂದೇ ಇರೋವಾಗ್ಲೂ ಮನಸ್ಸಲ್ಲಿ ಟ್ಯೂನ್ ಓಡ್ತಿರ್ಬೇಕು, ಆಗ ಎಲ್ರೂ ಹೆಡ್ಡಿಗೆ ವಾಪಸ್ ಬರೋ ಜಾಗ ನಿಮಗೆ ಮೊದಲೇ ಗೊತ್ತಾಗುತ್ತೆ, ಆ ಖುಷಿ ತನಿಯ ಕೊನೇ ಲೆಕ್ಕಾಚಾರ, ಕೋರ್ವೆ, ಮುಗಿಯೋ ಖುಷಿನೇ.

ಬಂಟ್ವಾಳದೋನು:
ಎಣಿಸೋದು ಒಳ್ಳೇದೇ, ಆದ್ರೆ ನನಗನ್ನಿಸೋದು ಮೊದಲ ಸಲ ಹೋದೋರು ಬಾರ್ ಎಣಿಸ್ತಾ ಕೂತ್ರೆ ಎದುರಿಗಿರೋ ನಾದ ತಪ್ಪಿಹೋಗುತ್ತೆ ಅಂತ. ನಮ್ಮ ಊರಿನ ಕಡೆಯವರು ಕದ್ರಿ ಗೋಪಾಲನಾಥ್, ಚಿಕ್ಕಂದಿನಲ್ಲಿ ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಬಿದ್ದೋರು, 1980ರಲ್ಲಿ ಬಾಂಬೆ ಜಾಝ್ ಫೆಸ್ಟಿವಲ್ಲಲ್ಲಿ ಕ್ಯಾಲಿಫೋರ್ನಿಯಾದ ಜಾಝ್ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ ಇವರನ್ನ ಕೇಳಿ, ನಾನೂ ವೇದಿಕೆಗೆ ಬರ್ಲಾ ಅಂತ ಕೇಳಿ ಜೊತೇಲಿ ನುಡಿಸಿದ್ರು. ಒಬ್ಬರ ವ್ಯಾಕರಣದಲ್ಲಿ ಇನ್ನೊಬ್ಬರು ಬೆಳೆದೋರಲ್ಲ, ಕಿವಿ ಇತ್ತು. ಆಮೇಲೆ 2008ರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ಗೋಪಾಲನಾಥರ ‘ಕಿನ್ಸ್‌ಮೆನ್’ ಆಲ್ಬಂ ಬಂತು, ಎರಡು ಆಲ್ಟೋ ಸ್ಯಾಕ್ಸ್, ಒಂದು ಗಮಕದಲ್ಲಿ ಬೆಳೆದಿದ್ದು ಇನ್ನೊಂದು ಜಾಝಲ್ಲಿ. ಮೇಡಂ ಥರ ಕರ್ನಾಟಕ ಸಂಗೀತದ ಕಿವಿ ಇರೋರಿಗೆ ಇದಕ್ಕಿಂತ ಒಳ್ಳೆ ಬಾಗಿಲು ನನಗೆ ಗೊತ್ತಿಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನವರು, ಆರ್.ಎ. ರಮಾಮಣಿ ಮತ್ತೆ ಟಿ.ಎ.ಎಸ್. ಮಣಿ, ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮಾರಿಯಾನೋ ಜೊತೆ ಮಾಡಿರೋ ‘ಜ್ಯೋತಿ’ನೂ ಕೇಳಿ.

ಜರ್ಸಿ_ಕನ್ನಡತಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಬಾಸ್ ಬಗ್ಗೆ ಹೇಳಿದ್ದಕ್ಕೆ ಕೇಳ್ತೀನಿ, ಅವತ್ತು ಬಾಸ್‌ನವರ ಸೋಲೋ ಬಂದಾಗ ಡ್ರಮ್ಸ್ ಹೆಚ್ಚುಕಮ್ಮಿ ನಿಂತೇಹೋಯ್ತು, ಪಿಯಾನೋ ಒಂದೊಂದು ಕಾರ್ಡ್ ಮಾತ್ರ, ಬೆರಳು ತಂತಿ ಮೇಲೆ ಜಾರೋ ಸದ್ದೂ ಕೇಳ್ತಿತ್ತು. ಇಡೀ ಸಂಜೇಲಿ ನನ್ನ ಮನಸ್ಸಿಗೆ ನಾಟಿದ್ದು ಅದೇ. ಆ ಥರದ್ದು ಇನ್ನಷ್ಟು ಎಲ್ಲಿ ಕೇಳೋದು?

ದಪ್ಪತಂತಿ:
ಅದೇ ರೂಮಲ್ಲಿ ಮೇಡಂ! 1961ರ ಜೂನ್ 25, ಭಾನುವಾರ, ಬಿಲ್ ಎವನ್ಸ್ ಪಿಯಾನೋ, ಪಾಲ್ ಮೋಷನ್ ಡ್ರಮ್ಸ್, ಬಾಸ್‌ನಲ್ಲಿ ಸ್ಕಾಟ್ ಲಫಾರೋ. ಮಧ್ಯಾಹ್ನ ರಾತ್ರಿ ಸೇರಿ ಐದು ಸೆಟ್ (ನಡುವೆ ಬಿಡುವು ಕೊಟ್ಟು ನುಡಿಸೋ ಒಂದೊಂದು ಸುತ್ತು) ರೆಕಾರ್ಡ್ ಮಾಡಿದ್ರು. ಬಾಸ್ ಅಲ್ಲಿ ಬರೀ ಹಿಂದೆ ನಡೆಯಲ್ಲ, ಪಿಯಾನೋ ಜೊತೆ ಸಮಸಮ ಮಾತಾಡುತ್ತೆ, ಒಬ್ಬರ ಮಾತು ಮುಗಿಯೋಕೆ ಮುಂಚೆ ಇನ್ನೊಬ್ಬರು ಎತ್ಕೊಳ್ತಾರೆ. ಜನ ಮಾತಾಡೋದು, ಗ್ಲಾಸಿನ ಸದ್ದು ಎಲ್ಲಾ ಅದರಲ್ಲಿದೆ. ಹನ್ನೊಂದು ದಿನ ಆದ್ಮೇಲೆ ಲಫಾರೋ ಕಾರ್ ಆಕ್ಸಿಡೆಂಟಲ್ಲಿ ಹೋಗ್ಬಿಟ್ರು, ವಯಸ್ಸು 25. ಆ ರೆಕಾರ್ಡ್ ಹಾಕಿದಾಗೆಲ್ಲ ನನಗೆ ಸಂಕಟ ಆಗುತ್ತೆ, ಆದ್ರೂ ಹಾಕ್ತೀನಿ.

ಮುಂದಿನ ಸಲ ಸೋಮವಾರ ಹೋಗಿ, ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ನುಡಿಸುತ್ತೆ, ಥ್ಯಾಡ್ ಜೋನ್ಸ್ ಮತ್ತೆ ಮೆಲ್ ಲೂಯಿಸ್ 1966ರಲ್ಲಿ ಶುರು ಮಾಡಿದ್ದು. ಅಷ್ಟು ಚಿಕ್ಕ ರೂಮಲ್ಲಿ ಅಷ್ಟೊಂದು ಗಾಳಿವಾದ್ಯ ಒಟ್ಟಿಗೆ ಎದ್ದಾಗ ಎದೆಗೇ ಬಡಿಯುತ್ತೆ. ಸಾಧ್ಯ ಆದ್ರೆ ಎರಡನೇ ಸೆಟ್ಟಿಗೆ ಟಿಕೆಟ್ ತಗೊಳ್ಳಿ, ಅಷ್ಟೊತ್ತಿಗೆ ಎಲ್ರ ಕೈ ಬಿಸಿಯಾಗಿರುತ್ತೆ.